ಏಳನೇ ನಂಬರಿನ ಸೈಕಲ್ಲು

ಗಂಟೆಗೆ ಹದಿನೈದು ಪೈಸೆ. ಅವನಿಗೆ ಹತ್ತು.
ಮಿಲಿಟರಿಯವನು ಅಂತಲ್ಲ, ಸೇರೋ ಮೊದಲೂ ಹತ್ತೇ.
ಪಂಕ್ಚರು ಹಾಕೋದನ್ನ ನಾವಿಬ್ಬರೂ
ಒಂದೇ ಬಾಣಲಿ ನೀರಿನ ಮುಂದೆ ಕುಕ್ಕರಗಾಲಲ್ಲಿ ಕಲಿತವರು.

ಶನಿವಾರ ಸಂಜೆ ಬೆಂಗಳೂರಿನ ಗಾಡಿ
ಅರಸೀಕೆರೆಗೆ ಬಂದು ಬುಸ್ಸಂತ ಉಸಿರು ಬಿಟ್ಟರೆ
ಇಳಿಯುತ್ತಿದ್ದ ಬೋರಲಿಂಗ.
ಕಿವಿಯ ಮೇಲೆ ಕೂದಲಿಲ್ಲ, ಕೈಯಲ್ಲಿ ಚೀಲವಿಲ್ಲ,
ಜೇಬಿನಲ್ಲಿ ಔಟ್‌ಪಾಸು, ಮಡಿಸಿ ಮಡಿಸಿ
ಬಸ್ ಟಿಕೀಟಿನಷ್ಟು ಸಣ್ಣಗಾದದ್ದು.
ಭಾನುವಾರ ರಾತ್ರಿ ಹತ್ತಕ್ಕೆ ಗೇಟಿನೊಳಗಿರಬೇಕು.
ಅಷ್ಟರೊಳಗೆ ಹಿಡಿಸಿದಷ್ಟು.

ಮೊದಲು ಮಿಲಿಟರಿ ಹೋಟೆಲು.
"ಅಲ್ಲೂ ಮಿಲಿಟರಿ, ಇಲ್ಲೂ ಮಿಲಿಟರಿ,
ಉಪ್ಪು ಖಾರ ಮಾತ್ರ ಇಲ್ಲೇ ಕಣೋ"
ಅಂತ ಬೋಟಿ ಸಾರಿಗೆ ಮುದ್ದೆ ಮುರಿಯುತ್ತಿದ್ದ.
ಗಲ್ಲಾದಲ್ಲಿದ್ದ ಗೌರಕ್ಕ
ಎರಡನೇ ಮುದ್ದೆ ಬಂದಾಗ ಬೀದಿ ಕಡೆ ನೋಡುತ್ತಿದ್ದಳು.

ಆಮೇಲೆ ಏಳನೇ ನಂಬರು, ಹಳೇ ಹರ್ಕ್ಯುಲಿಸ್ಸು,
ರೈಲ್ವೆ ಕಾಲೊನಿಯ ದಾರಿ.
ಇನ್‌ಸ್ಟಿಟ್ಯೂಟಿನಲ್ಲಿ ಗ್ರಾಮಫೋನು, ಮರದ ನೆಲ,
ಗಾರ್ಡ್ ಡಿಕ್ರೂಜರ ಮಗಳು ಡೋರೀನ್.
ಕಿಟಕಿಯಾಚೆ ನಾನು, ಎರಡು ಸೈಕಲ್ಲು ಹಿಡಿದು.

ಒಂದು ಎರಡು ಮೂರು, ಎಣಿಸುತ್ತಿದ್ದಳು ಅವಳು,
ಒಂದು ಎರಡು ಮೂರು.
ಅವನ ಕಾಲಿಗೆ ಗೊತ್ತಿದ್ದದ್ದು ಏಕ್ ದೋ ಏಕ್.
ಏಳು ತಿಂಗಳು ಪರೇಡು ಮೈದಾನ ಬಡಿದು ಬಡಿದು
ಮಾಡಿಟ್ಟ ಕಾಲು
ಮೂರು ಅಂದಾಗ ಎಲ್ಲಿ ಊರಬೇಕೋ ತಿಳಿಯದೆ
ಗಾಳಿಯಲ್ಲೇ ನಿಂತುಬಿಡುತ್ತಿತ್ತು,
ಮೊದಲ ಸಲ ಕೆರೆಗಿಳಿವ ಎಮ್ಮೆಗರುವಿನ ಕಾಲಿನ ಹಾಗೆ.
ಒಳಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.
ಡೋರೀನ್ ನಗಲಿಲ್ಲ.
"ಮೂರು ಅಂದ್ರೆ ಏನೂ ಮಾಡೋದಲ್ಲ, ಬೋರಾ.
ಸುಮ್ನೆ ಹಗುರ ಆಗೋದು."

ವಾಪಸು ಬರುವಾಗ ಲೆವೆಲ್ ಕ್ರಾಸಿಂಗಿನಲ್ಲಿ
ಗೂಡ್ಸು ದಾಟುವ ತನಕ ನಿಂತಿದ್ದೆವು.
ಡಬ್ಬಿ ಎಣಿಸುತ್ತಿದ್ದವನು ಮಧ್ಯದಲ್ಲೇ ಬಿಟ್ಟು ಅಂದ:
"ಅಲ್ಲಿ ಯಾರೂ ಹಗುರ ಆಗು ಅನ್ನಲ್ಲ ಕಣೋ."

ಅಕ್ಟೋಬರಿನಲ್ಲಿ ಒಂದು ಪ್ಲೇಟು ಪೂರ್ತಿ ಕುಣಿದ.
ಒಂದೇ ಒಂದು.
ಮುಳ್ಳು ನಡುವಿಗೆ ಬಂದು ಕರಕರ ಅಂದರೂ
ಇಬ್ಬರೂ ನಿಲ್ಲಲಿಲ್ಲ.

ಅದೇ ವಾರ ಅಂಗಡಿ ಮುಂದೆ ಪೊಲೀಸು ಜೀಪು.
ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿ ಅಂದರು.
ಬಳಿದೆ.
ತೂಕಡಿಸುವವರ ಕಣ್ಣಿನಂಥ ಜೀಪು
ಬಿ.ಎಚ್. ರೋಡಿನಲ್ಲಿ ಹೋಯಿತು.
ಮರುದಿನ ಮೂರು ಲಾರಿ, ಒಂದು ಅಂಬಾಸಿಡರ್.
ವ್ಯಾಪಾರ ಚೆನ್ನಾಗಿತ್ತು, ಸುಳ್ಳು ಯಾಕೆ.

ನವೆಂಬರಿನ ಕೊನೆ ಶನಿವಾರ ಎರಡು ಗಾಡಿಗಳ ನಡುವೆ ಬಂದ.
ಮುದ್ದೆ ಬೇಡ ಅಂದ. ಕೇರಂ ಬೇಡ ಅಂದ.
ಇನ್‌ಸ್ಟಿಟ್ಯೂಟಿಗೆ ಬೀಗ.
ಆದರೂ ಅದೇ ದಾರಿ ಹಿಡಿದ.
ಸಂಜೆ ಕೆರೆ ಏರಿಯ ಮೇಲೆ, ಹ್ಯಾಂಡಲ್ಲು ತಳ್ಳಿಕೊಂಡು
ಇಬ್ಬರು ನಡೆದರು ಅಂತ ಊರು ಹೇಳಿತು.
ಊರು ಏನೇನೋ ಹೇಳುತ್ತೆ.

ಆ ಪುಸ್ತಕ ನನ್ನ ಹತ್ತಿರ ಇದೆ, ಇಲಿ ತಿಂದ ಅಂಚು.
ನಂಬರು ಏಳು. ಹೋದದ್ದು ಐದು ಹತ್ತು.
ಬಂದದ್ದು ಅನ್ನುವ ಕಡೆ ಏನೂ ಬರೆದಿಲ್ಲ.
ಸೈಕಲ್ಲೇನೋ ಬಂತು,
ಪೋರ್ಟರ್ ಹಾಲಪ್ಪ ಏಳೂಕಾಲಿಗೆ ತಳ್ಳಿಕೊಂಡು ತಂದ,
ಹಿಂದಿನ ಚಕ್ರ ಕೂತುಹೋಗಿತ್ತು.
ಹ್ಯಾಂಡಲ್ಲಿಗೆ ಕಟ್ಟಿದ ಕರ್ಚೀಫಿನಲ್ಲಿ ಮೂವತ್ತು ಪೈಸೆ.
ಎರಡು ಗಂಟೆಗೆ ಮೂರರ ಬಾಡಿಗೆ.

ಒಂದು ವಾರ ಹಾಗೇ ಗೋಡೆಗೆ ಒರಗಿಸಿಟ್ಟೆ.
ಆಮೇಲೆ ಬಾಣಲಿಗೆ ನೀರು ಸುರಿದು
ಟ್ಯೂಬು ಮುಳುಗಿಸಿ, ಗುಳ್ಳೆ ಎಲ್ಲೇಳುತ್ತೆ ಅಂತ
ನೋಡುತ್ತ ಕೂತೆ.
ಎದುರಿನ ಟೈಲರ್ ರೇಡಿಯೋ ಜೋರು ಮಾಡಿದ.