ಚಿತ್ರ ೪.೭

ಆರುನೂರ ನಲವತ್ತು ಜನ. ಕುರ್ಚಿ ನಾಲ್ಕುನೂರ ಹತ್ತು.
ಉಳಿದವರು ಮೆಟ್ಟಿಲ ಮೇಲೆ, ಕಿಟಕಿಕಟ್ಟೆಯ ಮೇಲೆ,
ಕೆಲವರು ಹೊರಗೆ, ಕಂಪಾಲದ ಕೆಂಪು ಮಣ್ಣಲ್ಲಿ ನಿಂತು
ಕಿವಿಯನ್ನಷ್ಟೇ ಒಳಗೆ ಕಳಿಸಿದವರು.
ತಗಡಿನ ಸೂರಿನ ಮೇಲೆ ಮರಬೂ ಕೊಕ್ಕರೆಗಳು
ನಿವೃತ್ತ ಪ್ರೊಫೆಸರರ ಹಾಗೆ, ಕತ್ತು ಒಳಗೆಳೆದುಕೊಂಡು.

ಹೆಸರು ಗೊತ್ತಿರುವುದು ಮುಂದಿನ ಸಾಲಿನ ಎಂಟು ಮಂದಿಯದು.
ಉಳಿದವರ ಸುದ್ದಿಯೆಲ್ಲ ಪುಸ್ತಕದಿಂದ.
ನಾನೇ ಬರೆದದ್ದು, ಕಾಗದವಿಲ್ಲದ್ದು,
ಯಾರು ಯಾವ ಪುಟದಲ್ಲಿ ಎಷ್ಟು ಹೊತ್ತು ತಂಗಿದರೆಂದು
ರಾತ್ರಿ ಬಂದು ಚಾಡಿ ಹೇಳುವಂಥದ್ದು.
ಬಿಯಾಮುಕಾಮ, ನಸುಕಿನ ಮೂರು, ಪುಟ ಎಂಬತ್ತೆರಡು;
ಅಲ್ಲೇ ನಿದ್ದೆ ಹೋಗಿರಬೇಕು, ನಾಲ್ಕು ತಾಸು ಅದೇ ಪುಟ.
ಆಟಿಮ್ ಎಂಬಾಕೆ ಇಡೀ ಅಧ್ಯಾಯಕ್ಕೆ ಹಳದಿ ಬಳಿದಿದ್ದಾಳೆ,
ಒಂದು ಅಲ್ಪವಿರಾಮವನ್ನೂ ಬಿಡದೆ.

ಮಾರ್ಚಿನ ಒಂದು ರಾತ್ರಿ ಕಂಡಿತು:
ಮೈಟೊಕಾಂಡ್ರಿಯದ ಒಳಪೊರೆ, ಚಿತ್ರ ನಾಲ್ಕು ಪಾಯಿಂಟ್ ಏಳು,
ಪ್ರೋಟಾನುಗಳನ್ನು ಹೊರಗೆ ದಬ್ಬಬೇಕಾದ ಬಾಣ
ಒಳಗೆ ತಿರುಗಿದೆ. ನನ್ನ ಕೈಯೇ ಎಳೆದದ್ದು.
ಮೂರು ವಾರ ಅಷ್ಟೂ ಜನ ನೋಡಿದ್ದಾರೆ,
ಒಬ್ಬರೂ ಕೇಳಿಲ್ಲ.
ಬಿಟ್ಟ ಬಾಣ ಮರಳಿ ಬಾರದು ಅನ್ನುತ್ತಾರಲ್ಲ,
ನನ್ನದು ಬಂತು. ಎರಡು ಸಲ ಒತ್ತಿದೆ, ತಿರುಗಿತು
ಎಲ್ಲರ ಫೋನಿನಲ್ಲೂ, ಅವರು ಮಲಗಿದ್ದಾಗ.
ಬೆಳಿಗ್ಗೆ ತರಗತಿಯಲ್ಲಿ ನಾನೂ ಬಾಯಿ ಬಿಡಲಿಲ್ಲ.
ಗಂಟಲಿಗೆ ಬಂದದ್ದನ್ನು ನೀರಿನ ಜೊತೆ ನುಂಗಿದೆ.

ಪಟ್ಟಿಯ ತುದಿಯಲ್ಲಿ ಒಂದು ಹೆಸರು ಸದಾ ಕೆಂಪಗೆ:
ಪ್ರಾಸ್ಕೋವಿಯ ಅಯೆಬಾರೆ. ಓದಿದ್ದು ಸೊನ್ನೆ ನಿಮಿಷ.
ಎಚ್ಚರಿಕೆಯ ಪತ್ರವನ್ನು ಪುಸ್ತಕ ತಾನೇ ಬರೆದಿಟ್ಟಿತ್ತು,
ನಾನು ಕಳಿಸಿದೆ. ಮೂರು ಸಲ.

ಮೇ ತಿಂಗಳು, ಉತ್ತರಪತ್ರಿಕೆಗಳ ಗುಡ್ಡ.
ಪೊರೆ, ಬಾಣ ಹೊರಗೆ. ಪೊರೆ, ಬಾಣ ಹೊರಗೆ.
ಸರಿ, ಸರಿ, ಸರಿ,
ನಾನೂರ ಎಷ್ಟನೆಯದರಲ್ಲೋ ಪೆನ್ನು ನಿಂತಿತು:
ಪೆನ್ಸಿಲಿನ ಪೊರೆ, ನನ್ನ ಚಿತ್ರದ್ದೇ ಅಳತೆ,
ಎಣಿಸಿ ನೋಡಿದೆ, ಹನ್ನೊಂದೇ ಮಡಿಕೆ,
ಬಾಣ ಒಳಗೆ.

ಕರೆಸಿದೆ. ಪುಸ್ತಕ ತೆರೆದೇ ಇಲ್ಲ ನೀನು, ಇದೆಲ್ಲಿಂದ?
ಚೀಲದಿಂದ ನೋಟುಬುಕ್ಕು ತೆಗೆದಳು.
ಫೆಬ್ರವರಿಯಲ್ಲಿ, ಕೋಣೆಯ ಗೆಳತಿ ಸ್ನಾನಕ್ಕೆ ಹೋದಾಗ,
ಮಟೋಕೆ ಬೇಯಲು ಕಾದು ಕೂತಾಗ,
ಅವಳ ಫೋನಿನಿಂದ ಇಳಿಸಿಕೊಂಡದ್ದು,
ನೂರ ನಲವತ್ತು ಪುಟ, ಅಡಿಬರಹ ಸಮೇತ,
ನಾನು ಬಿಟ್ಟ ಅಕ್ಷರದ ತಪ್ಪು ಸಮೇತ.
'ಡೇಟಾಕ್ಕೆ ದುಡ್ಡಿರಲಿಲ್ಲ ಮೇಡಂ.
ಪತ್ರವೇ? ಯಾವ ಪತ್ರ?'

ಲೋಕದಲ್ಲಿ ನನ್ನ ತಪ್ಪು ಉಳಿದದ್ದು ಅದೊಂದೇ ಕಡೆ.
ಅವಳು ರಬ್ಬರು ಹುಡುಕಿದಳು. ಬೇಡ ಎಂದೆ.
ಬಾಣದ ಪಕ್ಕ ಇರುವೆಯಷ್ಟು ಸಣ್ಣದಾಗಿ
ಪೆನ್ಸಿಲಿನದೊಂದು ಪ್ರಶ್ನೆಚಿಹ್ನೆ.
'ಆಗಲೇ ಅನುಮಾನ ಬಂದಿತ್ತು.
ಕೇಳಲು ಬಂದೆ, ನಿಮ್ಮ ಬಾಗಿಲಲ್ಲಿ ನಲವತ್ತು ಜನ.
ಪುಸ್ತಕ ಸುಳ್ಳು ಹೇಳುತ್ತದೆಯೇ ಅಂದುಕೊಂಡು
ಹಾಗೇ ಬರೆದುಬಿಟ್ಟೆ.'

ಐದಕ್ಕೆ ಐದು ಹಾಕಿದೆ. ಅದು ದೊಡ್ಡ ಮಾತಲ್ಲ.
ಆ ಪ್ರಶ್ನೆಚಿಹ್ನೆಯ ಮೇಲೆ ಎಷ್ಟು ಹೊತ್ತು ತಂಗಿದೆನೋ,
ಯಾರೂ ಲೆಕ್ಕ ಇಡಲಿಲ್ಲ.