ಬರಪೊಳೆಯ ಏಳನೇ ಮೀನು

ಬಿರುನಾಣಿ ದಾಟಿ, ಜೀಪಿಗೆ ದಾರಿ ಮುಗಿದಲ್ಲಿ
ಇಳಿದೆವು: ನಾನು, ಚಾತ, ಒಂದು ಐಸಿನ ಪೆಟ್ಟಿಗೆ.
ಬರಪೊಳೆ ಪಡುವಣದ ಹೊಳೆ.
ಕಾವೇರಿಯ ಹಾಗೆ ಊರೂರು ಮಾತಾಡಿಸಿ ಹೋಗುವ
ವ್ಯವಧಾನವಿಲ್ಲ ಇದಕ್ಕೆ. ಬಂಡೆಯಿಂದ ಬಂಡೆಗೆ ಬಿದ್ದು
ನೆಟ್ಟಗೆ ಕೇರಳದ ಕಡಲಿಗೆ.

"ಇದು ಕಡಲಲ್ಲಿ ಹುಟ್ಟಿದ್ದು" ಎಂದ ಚಾತ,
ಬಿದಿರ ಕೂಳಿಯಿಂದ ಏಳನೆಯದನ್ನು ಬಕೆಟ್ಟಿಗೆ ಸುರಿಯುತ್ತ.
ತೋಳುದ್ದದ ಹಾವುಮೀನು. ಕೆಸರಿನ ಬಣ್ಣ. ಸಿಟ್ಟಿನ ಗಂಟು.
"ಗಾಜಿನ ಕಡ್ಡಿಯಂಥ ಮರಿ, ಒದ್ದೆ ಬಂಡೆ ಹಿಡಿದು ಹತ್ತುತ್ತೆ.
ನನ್ನಪ್ಪ ನೋಡಿದ್ದ."
ನೀನು?
"ಕೆಳಗೆ ಅಣೆ ಕಟ್ಟಿದ ಮೇಲೆ
ನನ್ನ ಕಣ್ಣಿಗೆ ಬಿದ್ದಿಲ್ಲ."

ಲವಂಗದೆಣ್ಣೆ ನಾಲ್ಕು ಹನಿ.
ಹಲ್ಲುನೋವಿನ ರಾತ್ರಿಗಳ ವಾಸನೆ ಎದ್ದಿತು, ಗಂಟು ಸಡಿಲಾಯಿತು.
ಬಾಲದ ಬುಡದಲ್ಲಿ ಸೂಜಿ, ಅರ್ಧ ಮಿಲಿ.
"ಕಣ್ಣಿಗೆ ತಾಗಿಸಬೇಡಿ ಅಕ್ಕ, ಇದರ ನೆತ್ತರು ಉರಿ."
ಪುಸ್ತಕದಲ್ಲೂ ಅದೇ ಇದೆ, ಆರು ಸಾಲು ಹೆಚ್ಚಿಗೆ.

ಪೊನ್ನಂಪೇಟೆಯಲ್ಲಿ ಕರೆಂಟು ಬಂದ ಹೊತ್ತು ನೋಡಿ
ಗಿರಗಿರ ತಿರುಗಿಸಿದೆ. ನೆತ್ತರು ಎರಡಾಯಿತು.
ಮೇಲಿನ ತಿಳಿಗೆ ನೆನಪು ಗಿಡ್ಡ,
ಹೋದ ವಾರದ, ಹೆಚ್ಚೆಂದರೆ ಅದರ ಹಿಂದಿನ ವಾರದ ಊಟ.
ತಳದ ಕೆಂಪಿಗೆ ತಿಂಗಳುಗಟ್ಟಲೆ ಜ್ಞಾಪಕ.
ಹುಟ್ಟಿದ ನೀರು ಬೇಕೆಂದರೆ
ಕಿವಿಯೊಳಗಿನ ಕಲ್ಲು ತೆಗೆಯಬೇಕು,
ಕಲ್ಲು ಬೇಕೆಂದರೆ ಕೊಲ್ಲಬೇಕು.
ಕೊಲ್ಲುವುದಿಲ್ಲವೆಂದು ಅರ್ಜಿಯಲ್ಲೇ ಬರೆದುಕೊಟ್ಟಿದ್ದೆ.

ಒಣಗಿಸಿ, ಅರೆದು, ತವರದ ಬಟ್ಟಲಲ್ಲಿ
(ಇರುವೆ ಹೊರುವಷ್ಟು ಬಟ್ಟಲು)
ತೂಗಿ, ಮಡಚಿ, ಕೊರಿಯರಿಗೆ ಕೊಟ್ಟು
ಎರಡು ತಿಂಗಳು ಮರೆತಂತೆ ಇದ್ದೆ.

ಇಂಗಾಲ ಎಲ್ಲಿಯ ಅನ್ನವೆಂದು ಹೇಳುತ್ತದೆ.
ಸಾರಜನಕ, ತಿನ್ನುವವರ ಏಣಿಯಲ್ಲಿ ಎಷ್ಟನೇ ಮೆಟ್ಟಿಲೆಂದು.
ಆರು ಮೀನಿಗೆ ಮೈನಸ್ ಇಪ್ಪತ್ತೇಳರ ಆಸುಪಾಸು:
ಏಡಿ, ಕಪ್ಪೆ, ಕಾಡಿನ ಎಲೆ ಕೊಳೆತ ನೀರು.
ಏಳನೆಯದರ ತಿಳಿಗೆ ಮೈನಸ್ ಹತ್ತೊಂಬತ್ತು.

ಕುರ್ಚಿ ಹಿಂದಕ್ಕೆ ಬಿತ್ತು.
ಕಡಲು!
ಅಣೆ ದಾಟಿ ಇಳಿದು, ಉಪ್ಪು ತಿಂದು, ಮತ್ತೆ ಅಣೆ ಹತ್ತಿ
ಹದಿನೈದು ದಿನದೊಳಗೆ ಚಾತನ ಕೂಳಿಗೆ!
ಆಗದ ಮಾತು ಎಂದು ಗೊತ್ತಿತ್ತು.
ಗೊತ್ತಿದ್ದೂ ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ನಳಿನಾಕ್ಷಿ ಮೇಡಂ ಫೋನಿನಲ್ಲಿ, ಮೆಲ್ಲಗೆ:
"ಸಾರಜನಕ ನೋಡಿದ್ಯಾ, ಚೋಂದಮ್ಮ?"
ನೋಡಿರಲಿಲ್ಲ. ನೋಡಲು ಮನಸ್ಸಾಗಿರಲಿಲ್ಲ.
ಎಲ್ಲಕ್ಕಿಂತ ಕೆಳಗಿತ್ತು. ಕಡಲಿನ ಬೇಟೆಗಾರ
ಇಷ್ಟು ಕೆಳಗಿನ ಮೆಟ್ಟಿಲಲ್ಲಿ ಕೂರುವುದಿಲ್ಲ.

ಭಾನುವಾರ ಹೋದೆ.
ಚಾತ ಕೂಳಿ ಇಡುವ ಗುಂಡಿಯಿಂದ ಮೇಲಕ್ಕೆ, ಒಂದು ತಿರುವಿನಲ್ಲಿ, ಸೇತುವೆ.
ಸೇತುವೆಯ ಪಕ್ಕ ಕೋಳಿ ಅಂಗಡಿ.
ಹುಡುಗನೊಬ್ಬ ಬಕೆಟ್ಟು ತಂದ, ಹೊಳೆಗೆ ಸುರಿದ,
ಕರುಳು, ಕಾಲು, ಬಿಳಿ ಪುಕ್ಕ,
ನೀರು ಒಮ್ಮೆ ತಿರುಗಿ ಬಾಯಿ ಮುಚ್ಚಿತು.

ಫಾರಂ ಕೋಳಿ. ಮೆಕ್ಕೆಜೋಳದ ಕೋಳಿ.
ಜೋಳಕ್ಕೂ ಕಡಲಿಗೂ ಇಂಗಾಲ ಒಂದೇ ಥರ ಭಾರ.
ದಾವಣಗೆರೆಯ ಬಯಲು
ಲಾರಿಯಲ್ಲಿ ಘಟ್ಟ ಹತ್ತಿ ಬಂದು
ಹಾವುಮೀನಿನ ನೆತ್ತರಲ್ಲಿ ಅಲೆಯ ವೇಷ ಹಾಕಿ ಕೂತಿತ್ತು.

ಚಾತನಿಗೆ ಹೇಳಿದೆ. ಬೀಡಿ ಆರಿತು, ಮತ್ತೆ ಹಚ್ಚಿದ.
"ಹಾಗಾದ್ರೆ ಇದರೊಳಗೆ ಕಡಲು ಇಲ್ವಾ?"
ನೆತ್ತರಲ್ಲಿ ಇಲ್ಲ. ಕಿವಿಯ ಕಲ್ಲಲ್ಲಿ ಇರಬಹುದು.
"ಕಿವಿಯಲ್ಲಿದ್ರೆ ಸಾಕು ಬಿಡಿ" ಎಂದ,
ನನಗೆ ಸಮಾಧಾನ ಹೇಳುವವನ ಹಾಗೆ.

ಸಂಜೆಗೆ ಹೊರಟೆ.
ಅಂಗಡಿಯ ಮುಂದೆ ಜೀಪು ನಿಧಾನವಾಯಿತು, ನಿಂತಿತು.
ಐಸಿನ ಪೆಟ್ಟಿಗೆಯಲ್ಲಿ ಬಳಸದ ಸೂಜಿ ಒಂದು,
ಅದರ ಪಕ್ಕ
ಕಾಗದದಲ್ಲಿ ಸುತ್ತಿದ ಅರ್ಧ ಕಿಲೋ.