ಯಾರ ಮನಿಗೆ

ಕರೆಂಟಿಲ್ಲದ ಮಂಗಳವಾರ. ಯೂನಿಟ್ಟಿನೊಳಗೆ
ಮೂವತ್ತು ಮಿಷನ್ನು ಉಸಿರು ಬಿಟ್ಟು ಕೂತಿದ್ದವು.
ಜೀನ್ಸಿನ ಜೇಬು ಹೊಲಿದು ನೀಲಿ ಹತ್ತಿದ ಬೆರಳು
ಸುಮ್ಮನಿದ್ದರೂ ತೊಡೆಯ ಮೇಲೆ ಬಟ್ಟೆ ತಳ್ಳುತ್ತಿದ್ದವು.
ಸೂಪರ್‌ವೈಸರ್ "ಎಲ್ಲಿಗೆ?" ಅಂದ.
"ಹೊಳಿ" ಅಂದೆ.
"ಕರೆಂಟಿಲ್ಲದೆ ಏನು ಹೊಲೀತಿ?" ಅಂದು ನಕ್ಕ.
ಅವನ ಕಿವಿಯಲ್ಲಿ ಲ ಒಂದೇ ಐತಿ, ಳ ಇಲ್ಲ.

ನೂರಾ ಅರವತ್ತು ರೂಪಾಯಿ, ಆಧಾರ್ ಕಾರ್ಡು,
ಒಂದು ಬಾಟ್ಲಿ ನೀರು.
ಒಂಬತ್ತು ದಿನಕ್ಕೊಮ್ಮೆ ನಮ್ಮ ಓಣಿಗೆ ಬಂದು
ಕೊಡಗಳ ಜಗಳ ನೋಡಿ ಹೋಗುವ ನೀರು.
ಇದರ ತವರು ಯಾವುದು ಅಂತ
ನಲವತ್ತೊಂದು ವರ್ಷ ಕುಡಿದರೂ ಕೇಳಿರಲಿಲ್ಲ ನಾನು.

ಬಳ್ಳಾರಿ ಬಿಡೋದರೊಳಗೇ ಕಂಡಕ್ಟರ್ ಕಾರ್ಡು ನೋಡಿ
"ಸುಂಕಮ್ಮಾ, ನಿನಗೆ ಸುಂಕ ಇಲ್ಲ ನೋಡು" ಅಂದು
ಸೊನ್ನೆ ಬರೆದ ಚೀಟಿ ಹರಿದ.
"ಕಂಪ್ಲಿಯೊಳಗೆ ಯಾರ ಮನಿಗೆ?"
ಯಾರ ಮನಿಗೂ ಇಲ್ಲ.
"ಸಾವೇನಾದರೂ?" ಇಲ್ಲ.
"ಹುಡುಗನ್ನ ನೋಡಾಕ?" ಇಲ್ಲ.
"ಮತ್ತೆ, ಬಾಳೆಕಾಯಿ ಯಾಪಾರ?"
ಇಡೀ ಬಸ್ಸು ಹೊರಳಿ ನೋಡಿತು.
ಕುರುಗೋಡಿನಲ್ಲಿ ಹತ್ತಿದ ಮುದುಕಿಯೊಬ್ಬಳು
ಎಲೆ ಅಡಿಕೆ ಚೀಲ ನನ್ನ ಮುಂದೆ ಬಿಚ್ಚಿ, ಮೆಲ್ಲಗೆ,
"ಗಂಡ ಹೊಡೆದನೇನವ್ವಾ?"

ಹಂಪಿಗೆ ಹೋಗೋರು ಹಂಪಿಗೆ ಹೋಗ್ತಾರೆ.
ಅದೇ ಹೊಳಿ ಅಲ್ಲಿಂದ ಕೆಳಗೆ ಇಳಿದು ಬರ್ತೈತಿ,
ಫೋಟೋ ಎಲ್ಲ ಮುಗಿದ ಮೇಲೆ ಮುಖ ತೊಳಕೊಂಡು
ಮನಿಸೀರಿ ಉಟ್ಟ ಹೆಂಗಸಿನಂಗೆ.

ಒಗ್ಗಾಣಿ ಇಪ್ಪತ್ತೈದು, ಎರಡು ಮಿರ್ಚಿ ಹತ್ತು, ಚಾ ಹತ್ತು.
ಹೋಟ್ಲಿನವ ಎರಡನೇ ಸಲ ಚಟ್ನಿಪುಡಿ ಉದುರಿಸಿ, "ಯಾರ ಮನಿಗೆ?"
ಕೋಟೆ ಓಣಿಯ ಕಟ್ಟೆಯಿಂದ ಒಂದು ಬೀಡಿ, "ಯಾರ ಮನಿಗೆ?"
ದಂಡೆಯಲ್ಲಿ ಬಟ್ಟೆ ಒಗೆಯುವ ಹುಡುಗಿ ಮಾತ್ರ ಕೇಳಲಿಲ್ಲ.
ನನ್ನ ಬೆರಳು ನೋಡಿ, "ಈ ಬಣ್ಣ ಹೋಗಂಗಿಲ್ಲಕ್ಕ" ಅಂದಳು.
ಅವಳ ಕಲ್ಲಿನ ಮೇಲೊಂದು ಪ್ಯಾಂಟು.
ಜೇಬಿನ ಮೂಲೆಗೆ ಮೂರು ಸಲ ಹಿಂದೆ ಮುಂದೆ ಓಡಿದ ದಾರ.
ನಂದೇ ಇರಬಹುದು. ದಾರದ ಮೇಲೆ
ಹೆಸರು ಬರೆಯೋ ಪದ್ಧತಿ ಇಲ್ಲ.

ಹುಲುಗಪ್ಪ ಹರಿಗೋಲು ಬೋರಲು ಹಾಕಿಕೊಂಡು ಕೂತಿದ್ದ.
ಬಿದಿರು, ಯೂರಿಯಾ ಚೀಲ, ಡಾಂಬರು.
"ಆಚೆ ದಂಡಿಗೆ ಐವತ್ತು."
ಬಸ್ಸೇ ಪುಕ್ಕಟೆ ಐತಲ್ಲಪ್ಪ, ಅಂದೆ.
"ಬಸ್ಸು ಸರ್ಕಾರದ್ದು. ಹೊಳಿ ಯಾರದಂತ
ನನಗೆ ಯಾರೂ ಹೇಳಿಲ್ಲ. ಹರಿಗೋಲು ನಂದು."
ಚೀಲ ಚೀಲ ಕೂಡಿದಲ್ಲಿ ಗೇಣುದ್ದ ಬಾಯಿ ಬಿಟ್ಟಿತ್ತು.
ಅವನ ದಬ್ಬಳ ಇಸಕೊಂಡೆ.
ಅಂಚು ಮಡಚಿ ಒಂದು ಒಳಹೊಲಿಗೆ, ಮೇಲೊಂದು,
ಜೀನ್ಸಿನ ಪಕ್ಕೆಗೆ ಹಾಕ್ತೀವಲ್ಲ, ಹಂಗೆ.
ಉಗುರು ಹಾಕಿ ಎಳೆದು ನೋಡಿದ. ಬಿಡಲಿಲ್ಲ.
ಡಾಂಬರು ಮೆತ್ತಿದ. ಅದು ಒಣಗೋ ತನಕ
ನಾನು ತಂದ ನೀರು ಇಬ್ಬರೂ ಕುಡಿದೆವು.
"ಎಲ್ಲೀದಿದು? ಔಷಧಿ ವಾಸನಿ."
ಈ ಹೊಳೀದೇ, ಅಂದೆ. ಬಳ್ಳಾರಿಗೆ ಹೋಗಿತ್ತು.
ಬಾಟ್ಲಿ ಎತ್ತಿ ಬಿಸಿಲಿಗೆ ಹಿಡಿದು
ಕೊಟ್ಟ ಮನಿಯಿಂದ ಬಂದ ಮಗಳನ್ನ ನೋಡಿದಂಗೆ ನೋಡಿ
"ಸೊರಗೈತಿ" ಅಂದ.

ನಡುಹೊಳಿಯಲ್ಲಿ ಹುಟ್ಟು ಎತ್ತಿ ಸುಮ್ಮನಾದ.
ಹರಿಗೋಲು ತಾನೇ ತಿರುಗಿತು:
ಕೋಟೆ, ಬಾಳೆತೋಟ, ಸೇತುವೆ, ಒಗೆಯೋ ಹುಡುಗಿ, ಮತ್ತೆ ಕೋಟೆ.
ನಾ ಹಾಕಿದ ಹೊಲಿಗೆ ನನ್ನ ಪಾದದ ಕೆಳಗೆ.
ಅದರ ಕೆಳಗೆ ಅಷ್ಟೂ ನೀರು.
ಹೆಬ್ಬೆರಳಿಂದ ಮುಟ್ಟಿ ನೋಡಿದೆ, ಒಣಗೇ ಇತ್ತು.
ಹೊಲಿ. ಹೊಳಿ.
ನಾಲಿಗೆ ಒಂಚೂರು ಹಿಂದಕ್ಕೆ ಮಡಚಬೇಕು, ಅಷ್ಟೆ.

ಐದೂವರೆ ಬಸ್ಸು. ಅದೇ ಕಂಡಕ್ಟರ್, ಇನ್ನೊಂದು ಸೊನ್ನೆ.
ಸೆರಗಿನ ಗಂಟಿನಲ್ಲಿ ನೂರಾ ಹದಿನೈದು.
"ಹೋದ ಕೆಲಸ ಆಯ್ತೇನು?" ಅಂದ.
ಒಂದು ಗೇಣು ಆಯ್ತು, ಅಂದೆ.